ಮೂರು ತೂತಿನ ಲಂಗರು

ದ್ವಾರಕೆ, ಗುಜರಾತ್
8 ನವೆಂಬರ್ 2024

ಅಪ್ಪಾ,

ಒಂದು ವಾರದಿಂದ ನೀವು ನನ್ನ ಫೋನ್ ಎತ್ತುತ್ತಿಲ್ಲ. ಅಮ್ಮನಿಗೆ ಮಾಡಿದರೆ "ನಿಮ್ಮಪ್ಪ ಸ್ನಾನಕ್ಕೋಗವ್ರೆ" ಅನ್ನುತ್ತಾಳೆ. ವಾರವಿಡೀ ಸ್ನಾನ ಮಾಡುವ ಮನುಷ್ಯ ನೀವಲ್ಲ. ಅದಕ್ಕೇ ಈ ಕಾಗದ. ಇದನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ.

ನಿನ್ನೆ ವನಜಾ ಮೇಡಂ ನನ್ನನ್ನು ಕರೆದು ತಮ್ಮ ಮೊಬೈಲ್ ಮುಂದೆ ಹಿಡಿದರು. ಮೇಡಂ ಎಂದರೆ ನಮ್ಮ ತಂಡದ ಮುಖ್ಯಸ್ಥೆ. ಸಮುದ್ರದ ತಳದಲ್ಲಿ ಹಳೆಯ ಬಂದರಿನ ಕುರುಹು ಹುಡುಕುವ ನಾವೆಲ್ಲ ಅವರ ಕೈಕೆಳಗೆ. ಮೊಬೈಲಿನಲ್ಲಿ ಕಂಡದ್ದು ನಮ್ಮ ಹೂಡಿ ಮೆಟ್ರೋ ನಿಲ್ದಾಣದ ಕೆಳಗೆ ಕಟ್ಟಿರುವ ಫ್ಲೆಕ್ಸ್. ಎಡಗಡೆ ಕಿರೀಟ, ನವಿಲುಗರಿ, ಕೊಳಲಿನ ಸಮೇತ ನಾಟಕದ ಕೃಷ್ಣನಾಗಿ ನೀವು. ಬಲಗಡೆ ನೀರಿನೊಳಗೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ನಾನು. ನಡುವೆ ಹಳದಿ ಅಕ್ಷರದಲ್ಲಿ: "ಶ್ರೀಕೃಷ್ಣ ಪರಮಾತ್ಮನ ದ್ವಾರಕೆಯನ್ನು ಕಡಲಾಳದಲ್ಲಿ ಕಂಡುಹಿಡಿದ ಹೂಡಿಯ ಹೆಮ್ಮೆಯ ಪುತ್ರಿ." ಅದರ ಕೆಳಗೆ: "ಸ್ವಾಮಿಯ ಸನ್ನಿಧಿಯಲ್ಲಿ ಚಿನ್ಮುದ್ರೆ ಹಿಡಿದ ಕುಮಾರಿ ಲಾವಣ್ಯ."

ಅಪ್ಪಾ, ಅದು ಚಿನ್ಮುದ್ರೆಯಲ್ಲ. ನೀರಿನೊಳಗೆ ಬಾಯಿ ಬಿಡುವ ಹಾಗಿಲ್ಲವಲ್ಲ, ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಿದರೆ "ನಾನು ಚೆನ್ನಾಗಿದ್ದೀನಿ" ಎಂದು ಜೊತೆಯವನಿಗೆ ಹೇಳಿದ ಹಾಗೆ. ನನ್ನ ಜೊತೆ ಮುಳುಗುವ ಮುತ್ತುಗೆ ನಾನು ಹೇಳಿದ್ದು ಅಷ್ಟೇ.

ಮೇಡಂಗೆ ಕನ್ನಡ ಬಾರದು. ಆದರೆ ಯಾರೋ ಪುಣ್ಯಾತ್ಮರು ಇಂಗ್ಲಿಷ್ ಮಾಡಿಯೇ ಕಳಿಸಿದ್ದಾರೆ. "ನೀನು ಊರಲ್ಲಿ ಹೀಗೆ ಹೇಳಿಕೊಂಡು ತಿರುಗುತ್ತೀಯಾ?" ಎಂದು ಕೇಳಿದರು. ಇಲ್ಲ ಎಂದೆ. "ನಿನ್ನ ತಂದೆಯ ಫೋಟೋ ಪಕ್ಕದಲ್ಲೇ ಇದೆಯಲ್ಲ" ಎಂದರು.

ಈ ಸಲ ಮುಳುಗುವ ತಂಡಕ್ಕೆ ನಾಯಕಿಯಾಗಿ ನನ್ನ ಹೆಸರು ಬರೆದಿದ್ದರು. ಎಲ್ಲಿ ಅಗೆಯಬೇಕು, ಯಾರು ಯಾವಾಗ ನೀರಿಗಿಳಿಯಬೇಕು ಎಂದು ತೀರ್ಮಾನ ಮಾಡುವ ಕೆಲಸ. ಅದಕ್ಕಾಗಿ ನಾನು ಎಷ್ಟು ವರ್ಷ ಉಪ್ಪುನೀರು ಕುಡಿದಿದ್ದೇನೆ ಎಂದು ನಿಮಗೆ ಗೊತ್ತು. ಈಗ ಆ ಹೆಸರನ್ನು ತಡೆಹಿಡಿದಿದ್ದಾರೆ. ನಮ್ಮ ಕಸುಬಿನಲ್ಲಿ ಒಂದು ಸಲ "ಇವಳು ಸಿಗದೆ ಇದ್ದದ್ದನ್ನು ಸಿಕ್ಕಿತು ಅನ್ನುವವಳು" ಎಂದಾಯಿತೋ, ಆಮೇಲೆ ನಿಜ ಸಿಕ್ಕರೂ ಯಾರೂ ನಂಬುವುದಿಲ್ಲ.

ದಯವಿಟ್ಟು ಆ ಫ್ಲೆಕ್ಸ್ ಇಳಿಸಿ. ಇಳಿಸಿ ನನಗೆ ಒಂದು ಸಾಲು ಬರೆಯಿರಿ.

ನಿಮ್ಮ ಮಗಳು,
ಲಾವಣ್ಯ


ಹೂಡಿ, ಬೆಂಗಳೂರು
20 ನವೆಂಬರ್ 2024

ಚಿ. ಲಾವಣ್ಯಳಿಗೆ ಆಶೀರ್ವಾದಗಳು.

ಕಾಗದ ತಲುಪಿತು. ಓದಿದೆ. ಮೈಯೆಲ್ಲ ಉರಿಯಿತು. ನೀರು ಕುಡಿದು ಇನ್ನೊಮ್ಮೆ ಓದಿದೆ. ಆಗಲೂ ಉರಿಯಿತು.

ನಾನೂ ಒಂದು ಕೇಳುತ್ತೇನೆ. ದೀಪಾವಳಿಯ ದಿನ ನಾಟಕದ ಪ್ರಾಕ್ಟೀಸಿನಲ್ಲಿ ಮಂಡಳಿಯವರೆಲ್ಲ ಕೂತಿದ್ದರು. ಅಧ್ಯಕ್ಷ ರಾಜೇಂದ್ರನೂ ಇದ್ದ. "ನನ್ನ ಮಗಳ ಬಾಯಲ್ಲೇ ಕೇಳ್ರಪ್ಪ" ಎಂದು ನಾನು ಮೀಸೆ ತಿರುವಿ ಫೋನಿನ ಸ್ಪೀಕರ್ ಹಾಕಿದೆ. "ಏನಮ್ಮ, ನೀನು ನೋಡಿದ್ದು ಕೃಷ್ಣನ ಊರೇ ತಾನೆ?" ಎಂದೆ. ನೀನು ಏನೆಂದೆ? "ಹಾಗೆ ಹೇಳೋಕಾಗಲ್ಲಪ್ಪ" ಎಂದೆ. ಭೀಮನ ಪಾತ್ರದ ದೇವರಾಜ್ ಕಂಪನಿ ಕ್ಯಾಬ್ ಓಡಿಸುವವನು, ನನ್ನ ಮುಖ ನೋಡಲಾರದೆ ಹಾರ್ಮೋನಿಯಂ ಮೇಲಿನ ಧೂಳು ಒರೆಸಿದ. ಹಾರ್ಮೋನಿಯಂ ಮೇಲೆ ಧೂಳೇ ಇರಲಿಲ್ಲ.

ಅಷ್ಟರಲ್ಲಿ ಫ್ಲೆಕ್ಸ್ ಅಚ್ಚಾಗಿ ಬಂದಿತ್ತು. ಕೆಳಗೆ ಶುಭ ಕೋರುವವರ ಫೋಟೋಗಳೂ ಇದ್ದವು. ಅಚ್ಚಾದ ಫ್ಲೆಕ್ಸನ್ನು ವಾಪಸ್ ತೆಗೆದುಕೊಳ್ಳುತ್ತಾರೆಯೇ? ರಾಜ್ಯೋತ್ಸವಕ್ಕೆ ಕಟ್ಟಿದೆವು.

ಒಂದು ಮಾತು ಕೇಳು. ಕೃಷ್ಣನ ಊರು ಮುಳುಗಿತು ಎಂದು ಮಹಾಭಾರತವೇ ಹೇಳುತ್ತದೆ. ನೀನಿರುವ ಊರಿನ ಹೆಸರೂ ದ್ವಾರಕೆ. ಅಲ್ಲಿ ನೀರಿನೊಳಗೆ ಕೆತ್ತಿದ ಕಲ್ಲುಗಳಿವೆ, ಫೋಟೋ ಕಳಿಸಿದವಳೂ ನೀನೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಮ್ಮ? ಮೂವತ್ತು ವರ್ಷದಿಂದ ಪೀತಾಂಬರ ಉಟ್ಟು ಕೃಷ್ಣನಾಗಿ ನಿಂತವನು ನಾನು. ಆ ಪಾತ್ರ ಮಾಡುವ ತಿಂಗಳು ಮನೆಯಲ್ಲಿ ಕೋಳಿ ಸಾರು ಕುದಿಸಲೂ ಬಿಟ್ಟವನಲ್ಲ. ನಮ್ಮ ರಾಗಿ ಹೊಲದ ಮೇಲೆ ಎದ್ದ ಅಪಾರ್ಟ್‌ಮೆಂಟಿನ ಜನ ಇಷ್ಟು ದಿನ ನನ್ನನ್ನು ವಾಕಿಂಗಿಗೆ ಅಡ್ಡ ಬರುವ ಮುದುಕ ಅಂದುಕೊಂಡಿದ್ದರು. ಈಗ ನಿಂತು ಕೈ ಮುಗಿಯುತ್ತಾರೆ, "ದ್ವಾರಕೆ ಲಾವಣ್ಯ ಅವರ ಫಾದರ್" ಎನ್ನುತ್ತಾರೆ. ಅದನ್ನು ಇಳಿಸು ಎನ್ನುತ್ತೀಯಲ್ಲ.

ಇಳಿಸುವುದಿಲ್ಲ. ನಿಮ್ಮ ಮೇಡಂಗೆ ಹೇಳು, ಹೂಡಿಯ ದೊಡ್ಡಮುನಿಯಪ್ಪ ಕೊಟ್ಟ ಮಾತು, ಕಟ್ಟಿದ ಫ್ಲೆಕ್ಸು ಎರಡನ್ನೂ ಹಿಂದಕ್ಕೆ ತೆಗೆದುಕೊಂಡವನಲ್ಲ ಎಂದು.

ಹೊತ್ತು ಹೊತ್ತಿಗೆ ಊಟ ಮಾಡು. ಸಮುದ್ರದ ಗಾಳಿಗೆ ತಲೆಗೆ ಬಟ್ಟೆ ಕಟ್ಟಿಕೋ.

ಇತಿ,
ದೊಡ್ಡಮುನಿಯಪ್ಪ


ದ್ವಾರಕೆ
5 ಡಿಸೆಂಬರ್ 2024

ಅಪ್ಪಾ,

ತಲೆಗೆ ಬಟ್ಟೆ ಕಟ್ಟಿಕೊಂಡೇ ಬರೆಯುತ್ತಿದ್ದೇನೆ.

ಕೆಲಸ ಶುರುವಾಗಿದೆ. ನಾಯಕರ ಜಾಗ ಬೋರ್ಡಿನ ಮೇಲೆ ಖಾಲಿ ಇದೆ. ನಾನು ದೋಣಿಯ ಮೇಲೆ ಸಿಲಿಂಡರ್‌ಗಳಿಗೆ ಗಾಳಿ ತುಂಬಿಸುತ್ತಾ ಕೂತಿದ್ದೇನೆ. ಉಳಿದವರು ಮುಳುಗಿ ಎದ್ದು ಬಂದು ತಾವು ನೋಡಿದ್ದನ್ನು ಹೇಳುತ್ತಾರೆ, ನಾನು ಹೂಂಗುಟ್ಟುತ್ತೇನೆ. ಹೊಟ್ಟೆ ಉರಿಯುತ್ತದೆ ಅಪ್ಪ. ಸುಳ್ಳು ಯಾಕೆ ಹೇಳಲಿ, ನಿನ್ನೆ ಸಿಲಿಂಡರ್‌ಗಳ ಹಿಂದೆ ಕೂತು ಅತ್ತೆ.

ಅಂಗೈ ಹುಣ್ಣು ಅಂದಿರಿ. ನಾನು ನೋಡಿದ್ದು ಏನು ಎಂದು ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ. ನಿಮ್ಮ ಎದೆಯುದ್ದದ ಒಂದು ತ್ರಿಕೋನದ ಕಲ್ಲು. ಮೇಲೆ ಒಂದು ತೂತು, ಕೆಳಗೆ ಎರಡು. ಮೇಲಿನದಕ್ಕೆ ಹಗ್ಗ. ಕೆಳಗಿನ ಎರಡಕ್ಕೂ ಮರದ ಗೂಟ ತೂರಿಸಿ ಸಮುದ್ರಕ್ಕೆ ಬಿಟ್ಟರೆ ಗೂಟ ನೆಲ ಕಚ್ಚುತ್ತದೆ, ದೋಣಿ ನಿಲ್ಲುತ್ತದೆ. ಲಂಗರು. ಅದು ಇಲ್ಲಿ ಬಿದ್ದಿದೆ ಎಂದರೆ ಇಲ್ಲಿಗೆ ದೋಣಿಗಳು ಬರುತ್ತಿದ್ದವು ಎಂದು ಅರ್ಥ. ಯಾವಾಗ? ಕಲ್ಲು ಹೇಳುವುದಿಲ್ಲ. ಇಂಥ ಲಂಗರನ್ನು ಜನ ತಲೆತಲಾಂತರದಿಂದ ಒಂದೇ ಥರ ಕೆತ್ತಿದ್ದಾರೆ. ಮೂರು ಸಾವಿರ ವರ್ಷದ್ದು ಇರಬಹುದು, ಮುನ್ನೂರು ವರ್ಷದ್ದೂ ಇರಬಹುದು. ಮರದ ಗೂಟ ಉಳಿದಿದ್ದರೆ ಅದರಿಂದ ಕಾಲ ತಿಳಿಯುತ್ತಿತ್ತು. ಮರ ಕೊಳೆತು ಹೋಗಿರುತ್ತದೆ. ನಮ್ಮ ತಂಡ ಇದುವರೆಗೆ ಕಂಡ ಎಲ್ಲ ಕಲ್ಲುಗಳ ತೂತೂ ಬರಿದು.

ಕೃಷ್ಣ ಇರಲಿಲ್ಲ ಎಂದು ನಾನು ಹೇಳಿದೆನೇ? ಇದ್ದಿರಬಹುದು. ಮಹಾಭಾರತದ ಕಥೆಗೆ ಒಂದು ನಿಜವಾದ ಊರು, ನಿಜವಾದ ಪ್ರವಾಹ ಮೂಲವಾಗಿದ್ದಿರಬಹುದು. ಅದನ್ನು ಹುಡುಕಬೇಕು ಎಂಬ ಆಸೆ ನನಗೆ ಹುಟ್ಟಿದ್ದೇ ನಿಮ್ಮ ಬಣ್ಣದ ಪೆಟ್ಟಿಗೆಯ ಪಕ್ಕ ಕೂತು ನಿಮ್ಮ ಪದ್ಯ ಕೇಳಿ. ಆದರೆ ಈ ಕಲ್ಲು ಅದನ್ನು ಹೇಳುತ್ತಿಲ್ಲ. ಹೇಳದೆ ಇರುವುದನ್ನು ಅದರ ಬಾಯಿಗೆ ತುರುಕಲಾರೆ.

ಅಪ್ಪಾ, ನೀವು ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಮಾಲು ಸರಿಯಿದೆಯೋ ಇಲ್ಲವೋ ಅಳೆದು ನೋಡುವುದೇ ನಿಮ್ಮ ಕೆಲಸ. ಒಂದು ಸಲ ಗೇಟಿನಲ್ಲಿ ಲಾರಿ ನಿಂತಿತ್ತು. ಮ್ಯಾನೇಜರ್ ಬಂದು "ನೋಡಕ್ಕೆ ಚೆನ್ನಾಗೇ ಐತೆ, ಪಾಸ್ ಮಾಡ್ರಿ ಮುನಿಯಪ್ಪ" ಎಂದರು. ನೀವು ಅವರ ಎದುರಿಗೇ ಗೇಜ್ ತೆಗೆದು ಅಳೆಯಲು ಕೂತಿರಿ. ಆ ಕಥೆಯನ್ನು ನೀವು ನನಗೆ ಎಷ್ಟು ಸಲ ಹೇಳಿದ್ದೀರಿ ಎಂದರೆ ಮ್ಯಾನೇಜರ್ ಹಾಕಿದ್ದ ಷರಟಿನ ಬಣ್ಣ ಕೂಡ ನನಗೆ ಗೊತ್ತು.

ಈಗ ಅಳೆಯದೆ ಪಾಸ್ ಮಾಡು ಎಂದು ನೀವು ನನಗೆ ಹೇಳುತ್ತಿದ್ದೀರಿ.

ಹೊಸ ವರ್ಷದೊಳಗೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ಇನ್ನು ನಾನು ಕೇಳುವುದಿಲ್ಲ.

ಲಾವಣ್ಯ


ಹೂಡಿ
24 ಡಿಸೆಂಬರ್ 2024

ಪ್ರೀತಿಯ ಲಾವಣ್ಯಳಿಗೆ ಅಮ್ಮ ಮಾಡುವ ಆಶೀರ್ವಾದ.

ನಿಮ್ಮಪ್ಪ ಬರೆಯುವುದಿಲ್ಲವಂತೆ, "ನೀನೇ ಬರಿ" ಎಂದು ಪೆನ್ನು ಕೊಟ್ಟು ವರಾಂಡಕ್ಕೆ ಹೋಗಿ ಕೂತಿದ್ದಾರೆ. ಕಿಟಕಿಯಿಂದ ಇಣುಕಿ ಇಣುಕಿ ನೋಡುತ್ತಿದ್ದಾರೆ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಅಂತಾರಲ್ಲ, ಹಾಗೆ ಕೂತಲ್ಲೇ ಬಾಗಿಲಿನ ಬಣ್ಣ ಕೆರೆಯುತ್ತಿದ್ದಾರೆ.

ನಿನ್ನ ಕಾಗದ ಬಂದ ದಿನ ಓದಿ ಅಂಗಿಯ ಜೇಬಿಗೆ ಹಾಕಿಕೊಂಡರು. ಮುದ್ದೆ ಮುರಿದು ಹಾಗೇ ಬಿಟ್ಟು ಎದ್ದರು. "ಏನ್ರೀ ಬರೆದವ್ಳೆ?" ಎಂದರೆ "ನಿನ್ ಮಗಳು ನನ್ನೇ ಅಳತೆ ಮಾಡವ್ಳೆ" ಎಂದರು. ನನ್ನ ಮಗಳಂತೆ! ಫ್ಲೆಕ್ಸಿನಲ್ಲಿ ಇವರ ಮಗಳಾಗಿದ್ದೆ, ಬೈಯುವಾಗ ನನ್ನ ಮಗಳಾದೆ.

ಮೊನ್ನೆ ಭಾನುವಾರ ನಾಟಕ. ರಾತ್ರಿ ಆಡಿದರೆ ಅಪಾರ್ಟ್‌ಮೆಂಟಿನವರು ಶಬ್ದ ಎಂದು ಪೊಲೀಸರಿಗೆ ಫೋನ್ ಮಾಡುತ್ತಾರೆಂದು ಈಗೆಲ್ಲ ಹಗಲು ನಾಟಕವೇ. ಬಿಸಿಲಲ್ಲಿ ಕೌರವರ ಬಣ್ಣ ಕರಗಿ ಕತ್ತಿನವರೆಗೆ ಇಳಿದಿತ್ತು. ಮೆಟ್ರೋ ಕೆಳಗಿದ್ದ ನಿನ್ನ ಫ್ಲೆಕ್ಸನ್ನು ತಂದು ಸ್ಟೇಜಿನ ಪಕ್ಕದಲ್ಲೇ ಕಟ್ಟಿದ್ದರು. ಅದನ್ನು ನೋಡಿ ನನಗೆ ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು.

ಕೃಷ್ಣ ಸಂಧಾನಕ್ಕೆ ಹಸ್ತಿನಾವತಿಗೆ ಬಂದ ಸೀನು. ನಡುವೆ ನಿಲ್ಲಿಸಿ ಪಾತ್ರಧಾರಿಗಳಿಗೆ ಹಾರ ಹಾಕುವುದು ನಮ್ಮಲ್ಲಿ ಇದ್ದದ್ದೇ. ರಾಜೇಂದ್ರ ಹತ್ತಿದ. ಮೈಸೂರು ಪೇಟ, ಶಾಲು, ಸೇಬಿನ ಹಾರ. ಕಿರೀಟದ ಮೇಲೆ ಪೇಟ ಕೂರಲಿಲ್ಲ, ಕೈಗೆ ಕೊಟ್ಟ. ಮೈಕು ಹಿಡಿದು "ಸಾಕ್ಷಾತ್ ದ್ವಾರಕೆಯನ್ನೇ ಕಂಡುಹಿಡಿದ ನಮ್ಮ ಹೂಡಿಯ ಹೆಣ್ಣುಮಗಳ ತಂದೆ..." ಎಂದು ಶುರು ಮಾಡಿದ. ಜನ ಶಿಳ್ಳೆ ಹೊಡೆದರು.

ನಿಮ್ಮಪ್ಪ ಆ ಮೈಕು ಕಿತ್ತುಕೊಂಡರು ಕಣೇ.

"ನಿಲ್ಸಪ್ಪ ರಾಜೇಂದ್ರ," ಎಂದರು. "ನನ್ನ ಮಗಳು ದ್ವಾರಕೆ ಕಂಡಿಡಿದಿಲ್ಲ. ಅಂಗಂತ ಅವಳು ಎಲ್ಲೂ ಏಳೂ ಇಲ್ಲ. ಅವಳಿಗೆ ಸಿಕ್ಕಿದ್ದು ದೋಣಿ ನಿಲ್ಸೋ ಕಲ್ಲು. ಅದರ ವಯಸ್ಸು ಎಷ್ಟು ಅಂತ ಇನ್ನೂ ಗೊತ್ತಿಲ್ಲ. ಆ ಫ್ಲೆಕ್ಸ್ ಬರೆಸಿದ್ದು ನಾನು, ಅವಳಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಏಳೋ ಅವಳ ಕೆಲಸಕ್ಕೇ ಕುತ್ತು ತಂದಿವ್ನಿ."

ರಾಜೇಂದ್ರ ಕಿವಿಯ ಹತ್ತಿರ ಬಂದು "ಮುನಿಯಪ್ಪಣ್ಣ, ಈಗ್ಯಾಕಣ್ಣ ಇದೆಲ್ಲ, ಜನ ಖುಷಿಯಾಗವ್ರೆ" ಎಂದ. ಮೈಕಿನಲ್ಲಿ ಅದೂ ಕೇಳಿಸಿತು. ಹಿಂದಿನಿಂದ ಯಾವನೋ "ಅಂಗಾದ್ರೆ ಕೃಷ್ಣ ಸುಳ್ಳಾ?" ಎಂದು ಕೂಗಿದ.

ಆಗ ನಿಮ್ಮಪ್ಪ ಕೊಟ್ಟ ಉತ್ತರವನ್ನು ಇದ್ದ ಹಾಗೇ ಬರೆಯುತ್ತೇನೆ: "ಯಾವನ್ಲಾ ಅವನು? ಕೃಷ್ಣ ಅವ್ನೆ ಅಂತ ನಂಬಕ್ಕೆ ನಂಗೆ ಕಲ್ಲು ಬ್ಯಾಡ. ಕಲ್ಲಿನ ಮ್ಯಾಲೆ ಸುಳ್ಳು ಬರೆದು ದೇವ್ರನ್ನ ಸಾಬೀತು ಮಾಡೋ ದರಿದ್ರ ನಂಗೆ ಬಂದಿಲ್ಲ!"

ನಿಮ್ಮಪ್ಪ ತಿರುಗಿ "ಲೋ ಭೀಮಾ, ಕೀಳ್ಲಾ ಅದನ್ನ" ಎಂದರು. ದೇವರಾಜ್ ಕಾಯುತ್ತಿದ್ದವನ ಹಾಗೆ ಗದೆಯನ್ನು ಹಗ್ಗಕ್ಕೆ ಸಿಕ್ಕಿಸಿ ಎಳೆದ. ಫ್ಲೆಕ್ಸು ದುರ್ಯೋಧನನ ತಲೆಯ ಮೇಲೇ ಬಿತ್ತು. ಅವನು ಒಳಗಿಂದ ಬಯ್ಯುತ್ತಾ ಒದ್ದಾಡಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದೇನು, "ಒನ್ಸ್ ಮೋರ್" ಎಂದು ಕೂಗಿದ್ದೇನು! ಅಪಾರ್ಟ್‌ಮೆಂಟಿನ ಹೆಂಗಸರು ಬಾಲ್ಕನಿಯಿಂದ ಮೊಬೈಲಿನಲ್ಲಿ ಹಿಡಿದರು.

ನಾನು ಅತ್ತೆ. ಮದುವೆಯಾದಾಗಿನಿಂದ ಈ ಮನುಷ್ಯನ ನಾಟಕ ನೋಡುತ್ತಿದ್ದೇನೆ, ಒಂದು ಸಲವೂ ಅತ್ತಿರಲಿಲ್ಲ.

ನಿನ್ನ ಕೆಲಸ ಉಳಿಯಿತೋ ಹೋಯಿತೋ ಬರಿ. ವರಾಂಡದಲ್ಲಿ ಕೂತವರಿಗೆ ನಿದ್ದೆಯಿಲ್ಲ.

ನಿನ್ನ ಅಮ್ಮ,
ಸುಬ್ಬಲಕ್ಷ್ಮಮ್ಮ


ದ್ವಾರಕೆ
27 ಫೆಬ್ರವರಿ 2025

ಅಪ್ಪಾ, ಅಮ್ಮಾ,

ಹೊಸ ವರ್ಷದ ದಿನ ಕಳಿಸಿದ್ದು ಒಂದೇ ಸಾಲು, "ಕೆಲಸ ಸಿಕ್ಕಿತು" ಎಂದು. ಆಮೇಲೆ ಬರೆಯಲು ಪುರುಸೊತ್ತಾಗಲಿಲ್ಲ. ಈಗ ಪೂರ್ತಿ ಬರೆಯುತ್ತೇನೆ.

ಫ್ಲೆಕ್ಸ್ ಯಾವ ದಾರಿಯಲ್ಲಿ ಬಂದಿತ್ತೋ ಅದೇ ದಾರಿಯಲ್ಲಿ ನಾಟಕದ ವಿಡಿಯೋವೂ ವನಜಾ ಮೇಡಂ ಮೊಬೈಲಿಗೆ ಬಂತು. ನನ್ನನ್ನು ಕರೆದು, "ಈ ಕಿರೀಟದವರು ಏನು ಹೇಳುತ್ತಿದ್ದಾರೆ, ಅನುವಾದ ಮಾಡು" ಎಂದರು. ಒಂದೊಂದೇ ಮಾತು ಹೇಳುತ್ತಾ ಹೋದೆ. ದರಿದ್ರದ ಮಾತನ್ನೂ ಬಿಡದೆ ಹೇಳಿದೆ. ಮೇಡಂ ಪೂರ್ತಿ ಕೇಳಿದರು. ಆಮೇಲೆ ಎದ್ದು ಹೋಗಿ ಬೋರ್ಡಿನ ಮೇಲೆ ನನ್ನ ಹೆಸರು ಬರೆದರು. "ನಿನ್ನ ತಂದೆ ನಮ್ಮ ತಂಡದಲ್ಲಿ ಇರಬೇಕಾಗಿತ್ತು" ಎಂದರು. ಅಪ್ಪಾ, ಹಿಗ್ಗಬೇಡಿ, ನಿಮಗೆ ಈಜು ಬರುವುದಿಲ್ಲ.

ನಾಯಕಿಯಾಗಿ ನಾನು ಮೊದಲು ಮಾಡಿದ್ದು ಜಗಳ. ಎಲ್ಲರೂ ಬಂಡೆಗಳ ನಡುವೆ ಹುಡುಕೋಣ ಎಂದರು, ಕಲ್ಲು ಅಲ್ಲೇ ಕಣ್ಣಿಗೆ ಬೀಳುವುದು. ನಾನು ಕಡಲ ತಳದಲ್ಲಿ ಕೆಸರು ತುಂಬಿದ ಹಳ್ಳ ಆರಿಸಿದೆ. ಕಣ್ಣಿಗೆ ಬೀಳುವ ಕಲ್ಲಿನ ಮರ ಯಾವತ್ತೋ ಹೋಗಿರುತ್ತದೆ. ಗಾಳಿಯಾಡದ ಕೆಸರಿನಲ್ಲಿ ಹೂತದ್ದು ಉಳಿದಿರಬಹುದು. ವಾರಗಟ್ಟಲೆ ಬರೀ ಕೆಸರು. ಕೊಳವೆಯಿಂದ ಹೀರಿ ಹೀರಿ ಹಾಕಿದೆವು. ಮುತ್ತು ನನ್ನನ್ನು ತಮಿಳಿನಲ್ಲಿ "ಕೆಸರಕ್ಕ" ಎಂದು ಕರೆಯತೊಡಗಿದ.

ಹೋದ ಗುರುವಾರ ಕೊಳವೆ ಒಂದು ಕಲ್ಲಿನ ಅಂಚು ಬಿಡಿಸಿತು. ತ್ರಿಕೋನ. ನೀರು ಕದಡಿ ಏನೂ ಕಾಣುತ್ತಿರಲಿಲ್ಲ, ಕೈಯಾಡಿಸಿಯೇ ನೋಡಬೇಕು. ಮೇಲಿನ ತೂತಿಗೆ ಬೆರಳು ಹಾಕಿದೆ, ಬರಿದು. ಕೆಳಗೆ ಎಡಗಡೆಯದು, ಬರಿದು. ಬಲಗಡೆಯ ತೂತಿಗೆ ಬೆರಳು ಹೋಗಲಿಲ್ಲ. ಏನೋ ತುಂಬಿಕೊಂಡಿತ್ತು. ಮೆತ್ತಗಿತ್ತು, ಆದರೆ ಕೆಸರಲ್ಲ. ನಾರು ಕೈಗೆ ಹತ್ತಿತು.

ಮರ, ಅಪ್ಪಾ! ಮರದ ಗೂಟ, ಕಲ್ಲಿನಲ್ಲಿ ಹೇಗೆ ತೂರಿಸಿದ್ದರೋ ಹಾಗೇ!

ನೀರಿನೊಳಗೆ ಕಿರುಚಿದೆ. ಬಾಯಿಂದ ಗುಳ್ಳೆ ಬಂತು ಅಷ್ಟೆ. ಮುತ್ತು ಗಾಬರಿಯಾಗಿ ನನ್ನ ಗಾಳಿಯ ಮೀಟರ್ ನೋಡಿದ. ಅವನ ಕೈ ಹಿಡಿದು ಆ ತೂತಿನ ಮೇಲೆ ಇಟ್ಟೆ. ಆಮೇಲೆ ಅವನೂ ಗುಳ್ಳೆ ಬಿಟ್ಟ.

ಅದು ಯಾವ ಕಾಲದ್ದು ಎಂದು ಈಗಲೇ ಗೊತ್ತಿಲ್ಲ. ಆದರೆ ತಿಳಿಯುತ್ತದೆ. ಈ ಕಡಲಲ್ಲಿ ನಾವು ಇಷ್ಟು ವರ್ಷ ಮುಟ್ಟಿದ ಕಲ್ಲುಗಳಲ್ಲಿ ತನ್ನ ವಯಸ್ಸನ್ನು ತಾನೇ ಹೇಳಬಲ್ಲ ಮೊದಲ ಕಲ್ಲು ಇದು. ಸಿಕ್ಕಿದ್ದು ನನ್ನ ಹಳ್ಳದಲ್ಲಿ.

ಮಾರ್ಚ್ ಹತ್ತರ ಸುಮಾರಿಗೆ ಮೇಲೆತ್ತುತ್ತೇವೆ. ನೀವು ದೋಣಿಯಲ್ಲೇ ಇರಬಹುದು ಎಂದು ಮೇಡಂ ಒಪ್ಪಿದ್ದಾರೆ. ಅಪ್ಪಾ, ಮೂವತ್ತು ವರ್ಷ ದ್ವಾರಕೆಯ ದೊರೆಯಾಗಿ ಮೆರೆದಿರಿ, ಒಂದು ಸಲ ಬಂದು ಊರು ನೋಡಿಕೊಂಡು ಹೋಗಿ.

ನಿಮ್ಮ,
ಲಾವಣ್ಯ


ದ್ವಾರಕೆ
12 ಮಾರ್ಚ್ 2025

ಸುಬ್ಬಲಕ್ಷ್ಮಿ,

ನಾನು ಕ್ಷೇಮ. ಮೆಟ್ರೋದಲ್ಲೇ ತಲೆ ತಿರುಗುವ ನೀನು ಬರದೆ ಇದ್ದದ್ದು ಒಳ್ಳೆಯದಾಯಿತು. ದೋಣಿ ಹತ್ತಿದ ಗಳಿಗೆಯಿಂದ ತಿಂದದ್ದನ್ನೆಲ್ಲ ಸಮುದ್ರರಾಜನಿಗೆ ಒಪ್ಪಿಸಿದೆ. ಮುತ್ತು ಎಂಬ ತಮಿಳು ಹುಡುಗ ನಿಂಬೆಹಣ್ಣು ಕೊಟ್ಟ. "ಅಪ್ಪಾ, ದೂರ ನೋಡಿ, ಕೆಳಗೆ ನೋಡ್ಬೇಡಿ" ಎಂದ. ದೂರ ನೋಡಿದರೆ ನೀರು, ಹತ್ತಿರ ನೋಡಿದರೂ ನೀರು. ಇಂಥ ಕಡಲ ದಂಡೆಯಲ್ಲಿ ಊರು ಕಟ್ಟಿದವನು ಯಾರೇ ಆಗಲಿ, ಗಟ್ಟಿ ಗುಂಡಿಗೆಯವನು.

ಲಾವಣ್ಯ ಬೆನ್ನ ಹಿಂದಕ್ಕೆ ಉರುಳಿ ನೀರಿಗೆ ಬಿದ್ದಳು. ನನ್ನ ಜೀವವೇ ಹೋಯಿತು. ಗುಳ್ಳೆ ಬರುತ್ತಿತ್ತು, ಅದನ್ನೇ ನೋಡುತ್ತಾ ಕೂತೆ. ಗುಳ್ಳೆ ಪಕ್ಕಕ್ಕೆ ಸರಿದರೆ ನಾನೂ ದೋಣಿಯಲ್ಲಿ ಪಕ್ಕಕ್ಕೆ ಸರಿದೆ. ವನಜಾ ಮೇಡಂ ನಕ್ಕರು. ನಗಲಿ, ಅವರಿಗೇನು ಗೊತ್ತು.

ಎಷ್ಟೋ ಹೊತ್ತಾದ ಮೇಲೆ ಕಲ್ಲಿಗೆ ಕಟ್ಟಿ ಗಾಳಿ ತುಂಬಿದ ದೊಡ್ಡ ಕೇಸರಿ ಚೀಲವೊಂದು ನೀರಿನಿಂದ ಎದ್ದಿತು. ಅದರ ಹಿಂದೆ ನಮ್ಮ ಹುಡುಗಿಯ ತಲೆ. ಮುಖದ ಗಾಜು ಎತ್ತಿ ಕೂಗತೊಡಗಿದಳು ನೋಡು, ಅಬ್ಬಬ್ಬಾ! ಇವನಿಗೆ ಹಿಂದಿಯಲ್ಲಿ, ಅವನಿಗೆ ಇಂಗ್ಲಿಷಿನಲ್ಲಿ, ಮುತ್ತುಗೆ ತಮಿಳಿನಲ್ಲಿ. ಕಟ್ಟುಮಸ್ತಾದ ಗಂಡಸರು ಅವಳು ನಿಲ್ಲು ಎಂದರೆ ನಿಂತರು, ಎಳೆ ಎಂದರೆ ಎಳೆದರು. ಕಲ್ಲು ದೋಣಿಯ ಮೇಲೆ ಬಂತು. ನೀರು ಸುರಿಯುತ್ತಿತ್ತು. ಕೆಳಗಿನ ತೂತಿನಲ್ಲಿ ಗೇಣುದ್ದದ ಮರ, ಒಲೆಯಿಂದ ತೆಗೆದ ಕೊಳ್ಳಿಯ ಹಾಗೆ ಕಪ್ಪಗೆ. ನನಗೆ ತಡೆಯಲಾಗಲಿಲ್ಲ, ಕೈ ಚಾಚಿದೆ.

"ಅಪ್ಪಾ! ಮುಟ್ಬೇಡಿ!" ಎಂದು ಗದರಿದಳು. ಆ ಮರ ಒಣಗಿದರೆ ಪುಡಿಯಾಗಿ ಹೋಗುತ್ತದಂತೆ. ಒದ್ದೆ ಗೋಣಿತಾಟು ಹೊದಿಸಿ, ಮಗು ಮಲಗಿಸಿದ ಹಾಗೆ ನೀರಿನ ತೊಟ್ಟಿಗೆ ಇಳಿಸಿದಳು. ಆಮೇಲೆ ಬಂದು ನನ್ನನ್ನು ತಬ್ಬಿಕೊಂಡಳು. ಇಬ್ಬರೂ ಒದ್ದೆಯಾದೆವು. ನವೆಂಬರಿನಲ್ಲಿ ನಾನು ಬರೆದ ಕಾಗದದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದಡದಲ್ಲಿ ಜಾತ್ರೆಯ ಹಾಗೆ ಜನ ಸೇರಿದ್ದರು. ಟಿವಿಯವರೂ ಬಂದಿದ್ದರು. ನಾನು ಅವಳ ಅಪ್ಪ ಎಂದು ಯಾರು ಹೇಳಿದರೋ, ಒಬ್ಬ ಓಡಿ ಬಂದು ನನ್ನ ಬಾಯಿಗೆ ಮೈಕು ಹಿಡಿದ. ನಾಟಕದಲ್ಲಿ ನಾನು ಕೃಷ್ಣನ ಪಾತ್ರದವನು ಎಂಬುದೂ ಅವನಿಗೆ ಗೊತ್ತಿತ್ತು. ಇದು ಶ್ರೀಕೃಷ್ಣನ ಕಾಲದ್ದೇ ಅಲ್ಲವೇ, ನೀವೇ ಹೇಳಬೇಕು ಎಂದು ಹಿಂದಿಯಲ್ಲಿ ಕೇಳಿದ. ಜನರೆಲ್ಲ ಹತ್ತಿರ ಸರಿದರು. ಹೂಂ ಎಂದರೆ ಸಾಕು, ಆ ದಡದಲ್ಲಿದ್ದವರೆಲ್ಲ ನನ್ನನ್ನು ಹೆಗಲ ಮೇಲೆ ಹೊರುತ್ತಿದ್ದರು. ಅತ್ತ ಲಾವಣ್ಯ ತೊಟ್ಟಿಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು.

ಫ್ಯಾಕ್ಟರಿಯಲ್ಲಿ ಕಲಿತ ನನ್ನ ಹರಕು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದೆ: "ಮೇರೆಕು ನೈ ಮಾಲೂಮ್ ಸಾಬ್. ಮೇರಿ ಬೇಟಿಕು ಪೂಛೋ." ನನಗೆ ಗೊತ್ತಿಲ್ಲ ಸ್ವಾಮಿ, ನನ್ನ ಮಗಳನ್ನು ಕೇಳಿ.

ಮೈಕು ನನ್ನನ್ನು ಬಿಟ್ಟು ಅವಳ ಕಡೆ ಓಡಿತು. ಕ್ಯಾಮೆರಾಗಳೆಲ್ಲ ಓಡಿದವು, ಜನವೆಲ್ಲ ತಿರುಗಿತು. ಅವಳು ಕಣ್ಣೊರೆಸಿಕೊಂಡು, ತಲೆಯೆತ್ತಿ, ತನಗೆ ಗೊತ್ತಿದ್ದಷ್ಟನ್ನು ಹೇಳತೊಡಗಿದಳು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಲ್ಲರೂ ಕೇಳಿದರು. ಮೂವತ್ತು ವರ್ಷ ಸ್ಟೇಜಿನ ಮೇಲೆ ಮೈಕು ಬಿಡದ ನಾನು, ಅದನ್ನು ಬಿಟ್ಟುಕೊಟ್ಟು ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು ಕಣೇ.

ನಿನ್ನ ಯಜಮಾನ,
ದೊಡ್ಡಮುನಿಯಪ್ಪ